ದೇವಿಮನೆ ಘಟ್ಟಕ್ಕೆ ಒಂದು ಲೀಟರ್ ಸಾಕಾ? 1.0 ಟಿಎಸ್‌ಐ ಎಂಜಿನ್‌ನ ಗುಣ, ದೋಷ, ಆರೈಕೆ

ಮೂರು ಸಿಲಿಂಡರು, ಒಂದು ಲೀಟರು. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ ಹಾಕಿಕೊಂಡು ಕುಮಟಾದಿಂದ ಶಿರಸಿಗೆ ಹೊರಟರೆ ದೇವಿಮನೆ ಘಟ್ಟದಲ್ಲಿ ಏದುಸಿರು ಬಿಡುವುದಿಲ್ಲವೇ? ಹಳೇ ಡೀಸೆಲ್ ಕಾರು ಕೊಟ್ಟು ಸ್ಕೋಡಾ ಅಥವಾ ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಎಂಜಿನ್‌ನ ಕಾರು ನೋಡಲು ಹೊರಟವರ ಮೊದಲ ಅನುಮಾನ ಇದೇ. ಆದರೆ ಈ ಎಂಜಿನ್‌ಗೆ ಘಟ್ಟ ಒಂದು ತೊಂದರೆಯೇ ಅಲ್ಲ. ಅದಕ್ಕೆ ಒಗ್ಗದ್ದು ಬೇರೆ: ಪೇಟೆಯೊಳಗಿನ ಎರಡು ಕಿಲೋಮೀಟರಿನ ಓಡಾಟ, ಕಡಲ ಉಪ್ಪುಗಾಳಿ, ಕೊಟ್ಟಿಗೆ ಪಕ್ಕದ ಶೆಡ್ಡಿನ ಇಲಿ, ಮತ್ತು ಬಾವಿ ನೀರನ್ನೇ ಕೂಲಂಟ್ ಎಂದು ಸುರಿಯುವ ಕೈ.

ಫೋಕ್ಸ್‌ವ್ಯಾಗನ್ ಗುಂಪಿನೊಳಗೆ ಇದು ಇಎ211 ಎಂಬ ಮನೆತನದ ಎಂಜಿನ್. ನಮ್ಮಲ್ಲಿ 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಪೋಲೊ, ವೆಂಟೊ, ರ‍್ಯಾಪಿಡ್‌ಗಳಲ್ಲಿ 110 ಪಿಎಸ್ ಶಕ್ತಿ, 175 ಎನ್‌ಎಂ ಎಳೆತದ ಲೆಕ್ಕದಲ್ಲಿ ಕಾಣಿಸಿಕೊಂಡಿತು. 2021ರಲ್ಲಿ ಕುಶಾಕ್ ಮತ್ತು ಟೈಗುನ್, 2022ರಲ್ಲಿ ಸ್ಲಾವಿಯಾ ಮತ್ತು ವರ್ಟಸ್, ಆಮೇಲೆ ಕೈಲಾಕ್. ಈ ಐದರಲ್ಲೂ 115 ಪಿಎಸ್, 178 ಎನ್‌ಎಂ. ಗೇರ್‌ಬಾಕ್ಸ್ ಆರು ಗೇರಿನ ಮ್ಯಾನುಯಲ್ ಅಥವಾ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಜನ ಹೆದರುವ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್, ಇರುವುದು 1.5 ಲೀಟರಿಗೆ, ಇದಕ್ಕಲ್ಲ. ಮಾತುಕತೆಯಲ್ಲಿ ಎರಡೂ ಕಲಸಿಹೋಗಿ, ಒಂದರ ದೂರು ಇನ್ನೊಂದರ ತಲೆಗೆ ಕಟ್ಟಿದ್ದು ಬಹಳ.

ಅಳತೆಗಳು ಹೀಗಿವೆ. ಸಿಲಿಂಡರಿನ ವ್ಯಾಸ 74.5 ಮಿ.ಮೀ, ಪಿಸ್ಟನ್ ಓಡುವ ದೂರ 76.4 ಮಿ.ಮೀ, ಒಟ್ಟು 999 ಸಿಸಿ. ಕಂಪ್ರೆಷನ್ 10.5ಕ್ಕೆ 1. ಸಿಲಿಂಡರುಗಳಿರುವ ಬ್ಲಾಕ್, ಅದರ ಮೇಲೆ ಕೂರುವ ಹೆಡ್ ಎರಡೂ ಅಲ್ಯೂಮಿನಿಯಂ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, ಮೇಲೆ ಎರಡು ಕ್ಯಾಮ್‌ಶಾಫ್ಟ್, ಅವನ್ನು ತಿರುಗಿಸುವುದು ಚೈನ್ ಅಲ್ಲ, ಹಲ್ಲಿನ ಬೆಲ್ಟ್. ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ, 200 ಬಾರ್‌ಗೂ ಮೇಲಿನ ಒತ್ತಡದಲ್ಲಿ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆ ತುಂಡಾಗಿಲ್ಲ, ಹೆಡ್‌ನೊಳಗೇ ಎರಕ ಹೊಯ್ದಿದ್ದಾರೆ. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂಪರಿನ ಹಿಂದಿಲ್ಲ, ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯಲ್ಲೇ ಇದೆ, ಅದನ್ನು ತಂಪು ಮಾಡುವುದು ಗಾಳಿಯಲ್ಲ, ನೀರು. ಟರ್ಬೊದಿಂದ ಸಿಲಿಂಡರಿಗೆ ಗಾಳಿಯ ದಾರಿ ಇದರಿಂದ ಗಿಡ್ಡವಾಗಿದೆ. ಕಾಲಿಟ್ಟ ಮೇಲೆ ಎಳೆತ ಬರಲು ಕಾಯಬೇಕಾದ ಹೊತ್ತು ಅಷ್ಟಕ್ಕಷ್ಟೇ ಕಡಿಮೆ.

ಮೂರು ಸಿಲಿಂಡರಿನ ಎಂಜಿನ್ ಅಲುಗಾಡುತ್ತದೆ ಎನ್ನುವುದು ಸುಳ್ಳಲ್ಲ. ಬ್ಯಾಲೆನ್ಸ್ ಶಾಫ್ಟ್ ಹಾಕದೆ, ಹಗುರ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳಿಂದಲೇ ಆ ನಡುಕ ತಗ್ಗಿಸಿದ್ದಾರೆ. ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಸೀಟಿನಡಿ ಸಣ್ಣ ಗುರುಗುರು ಇದ್ದೇ ಇರುತ್ತದೆ. ಅದು ದೋಷವಲ್ಲ. ಆದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕುಂಟಿದಂತೆ ಅಲುಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆಂದರೆ ಅದು ಬೇರೆ ಕಥೆ, ಮುಂದೆ ಬರುತ್ತದೆ.

ಈಗ ಘಟ್ಟ. 178 ಎನ್‌ಎಂ ಎಳೆತ ಪೂರ್ತಿ ಸಿಗುವುದು 1750ರಿಂದ 4500 ಆರ್‌ಪಿಎಂ ನಡುವೆ. 1750ರಲ್ಲಿ ಅದು ಸುಮಾರು 44 ಪಿಎಸ್ ಆಗುತ್ತದೆ, 4500ರಲ್ಲಿ 114. ಅಂದರೆ ಕೆಂಪು ಗೆರೆಯವರೆಗೆ ಅರಚಿಸುವ ಅಗತ್ಯವೇ ಇಲ್ಲ. ಇನ್ನೊಂದು ಲಾಭ ಎತ್ತರದ್ದು. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಏರಿಕೆಗೆ ಹೆಚ್ಚುಕಡಿಮೆ ನೂರಕ್ಕೆ ಒಂದರಂತೆ ಶಕ್ತಿ ಕಳೆದುಕೊಳ್ಳುತ್ತದೆ. ಕಾರವಾರದ ಕಡಲಂಚಿನಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಬರುವಷ್ಟರಲ್ಲಿ 1.2 ಲೀಟರಿನ ಮಾಮೂಲಿ ಎಂಜಿನ್ ನೂರಕ್ಕೆ ಐದಾರು ಪಾಲು ಬಿಟ್ಟುಕೊಟ್ಟಿರುತ್ತದೆ. ಟರ್ಬೊ ತೆಳು ಗಾಳಿಯನ್ನು ಒತ್ತಿ ತುಂಬುವುದರಿಂದ ಇಲ್ಲಿ ಆ ಕೊರತೆ ಗೊತ್ತೇ ಆಗುವುದಿಲ್ಲ.

ತಪ್ಪಾಗುವುದು ಡೀಸೆಲ್ ಅಭ್ಯಾಸದವರ ಕಾಲಲ್ಲಿ. ಅರೆಬೈಲ್ ಘಟ್ಟದಲ್ಲಿ ಲಾರಿ ಹಿಂದೆ ತೆವಳುವಾಗ ಮೂರನೇ ಗೇರಿನಲ್ಲೇ 1200–1300 ಆರ್‌ಪಿಎಂಗೆ ಇಳಿಸಿ, ದಾರಿ ಸಿಕ್ಕ ಕೂಡಲೇ ಎಕ್ಸಲರೇಟರ್ ಪೂರ್ತಿ ಒತ್ತುತ್ತಾರೆ. ಟರ್ಬೊ ಇನ್ನೂ ಎದ್ದಿರುವುದಿಲ್ಲ, ಎಂಜಿನ್ ಗೊಣಗುತ್ತದೆ. ಇದು ಬರೀ ಪಿಕಪ್ ಪ್ರಶ್ನೆಯಲ್ಲ. ಕಡಿಮೆ ಆರ್‌ಪಿಎಂ, ಹೆಚ್ಚು ಭಾರ, ನೇರ ಇಂಜೆಕ್ಷನ್ ಮೂರೂ ಸೇರಿದಾಗ ಸಿಲಿಂಡರ್ ಗೋಡೆಯ ಆಯಿಲ್ ಹನಿ ಪೆಟ್ರೋಲಿನೊಡನೆ ಬೆರೆತು, ಸ್ಪಾರ್ಕ್ ಬೀಳುವ ಮೊದಲೇ ಹೊತ್ತಿಕೊಳ್ಳುವುದುಂಟು. ಒಳಗೆ ಸುತ್ತಿಗೆಯಲ್ಲಿ ಹೊಡೆದಂಥ ಏಟು. ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುವುದು ಹೀಗೆಯೇ. ಈ ರೋಗ ಎಲ್ಲ ಕಂಪನಿಯ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೂ ಇರುವುದರಿಂದಲೇ 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಆಯಿಲ್‌ಗೆ ಇದಕ್ಕೆಂದೇ ಪರೀಕ್ಷೆ ಇಟ್ಟಿದ್ದಾರೆ. ಮದ್ದು ಸರಳ: ಏರಿನಲ್ಲಿ ಎರಡನೇ ಗೇರಿಗೆ ಬನ್ನಿ, ಮುಳ್ಳು 2000ದಿಂದ 3000ದೊಳಗೆ ಇರಲಿ. ಹಿಂಮುರಿ ತಿರುವಿನಲ್ಲಿ ಲಾರಿ ನಿಂತೇಬಿಟ್ಟರೆ ಮೊದಲನೇ ಗೇರ್ ಹಾಕಿ, ನಾಚಿಕೆ ಬೇಡ. ಎರಡನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು ಎಳೆಯುವುದರಿಂದಲೇ ಈ ಕಾರುಗಳ ಕ್ಲಚ್ ಸುಡುವುದು. 1700ರ ಕೆಳಗೆ ದಮ್ಮಿಲ್ಲದ ಎಂಜಿನ್‌ಗೆ ಆ ಕೊರತೆಯನ್ನು ಕ್ಲಚ್ ಪ್ಲೇಟ್ ತುಂಬಿಕೊಡಬೇಕಾಗುತ್ತದೆ. ಮನೆ ಮುಂದೆ ಜಂಬಿಟ್ಟಿಗೆ ಮಣ್ಣಿನ ಕಡಿದಾದ ಏರು ಇದ್ದು, ದಿನಕ್ಕೆರಡು ಸಲ ರಿವರ್ಸ್ ಹತ್ತಿಸುವವರಾದರೆ ಹೆಚ್ಚಿನ ದುಡ್ಡು ಹೋದರೂ ಆಟೊಮ್ಯಾಟಿಕ್ ಕೊಳ್ಳುವುದೇ ಲೇಸು.

ಇಳಿಜಾರಿನಲ್ಲಿ ಮಾತ್ರ ಹಳೇ ಡೀಸೆಲ್ ಗೆಲ್ಲುತ್ತದೆ. ಒಂದು ಲೀಟರಿನ ಎಂಜಿನ್ ಹಿಡಿದು ನಿಲ್ಲಿಸುವ ಬಲ ಕಡಿಮೆ. ಮೇಲಿನಿಂದ ಕುಮಟಾಕ್ಕೋ ಅಂಕೋಲಾಕ್ಕೋ ಇಳಿಯುವಾಗ ನಾಲ್ಕನೇ ಗೇರಿನಲ್ಲಿ ಬಿಟ್ಟು ಬ್ರೇಕ್ ನಂಬಿದರೆ ಅರ್ಧ ಘಟ್ಟದಲ್ಲೇ ಸುಟ್ಟ ವಾಸನೆ ಬರುತ್ತದೆ. ಮ್ಯಾನುಯಲ್ ಆದರೆ ಎರಡು–ಮೂರು. ಆಟೊಮ್ಯಾಟಿಕ್ ಆದರೆ ಲಿವರನ್ನು ಮ್ಯಾನುಯಲ್ ಮೋಡಿಗೆ ತಳ್ಳಿ ಅದೇ ಗೇರುಗಳು.

ಘಟ್ಟ ಹತ್ತಿದ ಮೇಲೆ ಟರ್ಬೊ ತಣಿಸಬೇಕೇ? ಶಿರಸಿವರೆಗೆ ಹೋಗುವವರಿಗೆ ಬೇಕಿಲ್ಲ. ರಾಗಿಹೊಸಳ್ಳಿ ಕಡೆಯ ಸಮತಟ್ಟು ರಸ್ತೆಯಲ್ಲಿ ಅದು ತಾನಾಗಿ ತಣಿಯುತ್ತದೆ. ತುದಿ ಮುಟ್ಟಿದ ಕೂಡಲೇ ದೇವಿಮನೆ ದೇವಸ್ಥಾನದ ಬಳಿ ಕೈಮುಗಿಯಲು ನಿಲ್ಲಿಸುವವರು ಮಾತ್ರ ಒಂದು ನಿಮಿಷ ಎಂಜಿನ್ ಚಾಲೂ ಇಟ್ಟು ಆಮೇಲೆ ಆರಿಸಲಿ. ಆರಿಸಿದ ಮೇಲೂ ಬಾನೆಟ್ ಒಳಗಿಂದ ಗುಂಯ್‌ಗುಡುವ ಸದ್ದು ಕೇಳಿದರೆ ಗಾಬರಿ ಬೇಡ. ಟರ್ಬೊ ಮತ್ತು ಇಂಟರ್‌ಕೂಲರಿಗೆ ನೀರು ಹಾಯಿಸುವ ಪ್ರತ್ಯೇಕ ವಿದ್ಯುತ್ ಪಂಪ್ ಇದೆ, ಕೆಲವೊಮ್ಮೆ ಫ್ಯಾನೂ ಜೊತೆಗೂಡುತ್ತದೆ. ಬ್ಯಾಟರಿ ವೈರ್ ಕಿತ್ತು ಅದನ್ನು ನಿಲ್ಲಿಸುವ ಬುದ್ಧಿವಂತಿಕೆ ಮಾಡಬೇಡಿ.

ನೀರು ಸೋರುವ ಜಾಗ

ಈ ಎಂಜಿನ್‌ನ ಅಸಲಿ ದುರ್ಬಲ ಜಾಗ ಯಾವುದೆಂದರೆ ವಾಟರ್ ಪಂಪ್. ಸಾಮಾನ್ಯ ಎಂಜಿನ್‌ಗಳಲ್ಲಿ ಪಂಪ್ ಮುಂದಿನ ಬೆಲ್ಟಿನ ಕಡೆ ಇರುತ್ತದೆ. ಇಲ್ಲಿ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ, ಬಿಸಿ ನೋಡಿ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟಿನ ಮನೆಯ ಜೊತೆ ಒಂದೇ ಪ್ಲಾಸ್ಟಿಕ್ ಮಾಡ್ಯೂಲಾಗಿ ಕೂತಿದೆ. ಎಕ್ಸಾಸ್ಟ್ ಕ್ಯಾಮ್‌ಶಾಫ್ಟಿನಿಂದ ಒಂದು ಪುಟ್ಟ ಹಲ್ಲಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಒಳಗೆ ಎರಡು ಥರ್ಮೋಸ್ಟಾಟ್: ಹೆಡ್‌ಗೊಂದು, ಬ್ಲಾಕ್‌ಗೊಂದು. ಹೆಡ್ ತಣ್ಣಗಿರಲಿ, ಬ್ಲಾಕ್ ಬಿಸಿಯಾಗಿರಲಿ ಎಂಬುದು ಲೆಕ್ಕ. ಬ್ಲಾಕಿನ ಥರ್ಮೋಸ್ಟಾಟ್ ತೆರೆಯುವುದು 100 ಡಿಗ್ರಿ ದಾಟಿದ ಮೇಲೆ. ಲೆಕ್ಕ ಚೆನ್ನಾಗಿದೆ, ಆದರೆ ಬಿಸಿ–ತಣ್ಣಗೆ ಸಾವಿರ ಸಲ ಆದ ಮೇಲೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಗಟ್ಟಿಯಾಗುತ್ತದೆ, ಕೂಲಂಟ್ ಜಿನುಗುತ್ತದೆ.

ಜಿನುಗಿದ್ದು ನೆಲಕ್ಕೆ ಬೀಳುವುದೇ ಇಲ್ಲ. ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಬಿದ್ದು ಅಲ್ಲೇ ಆರುತ್ತದೆ. ಕೆಳಗೆ ಪ್ಲಾಸ್ಟಿಕ್ ತಟ್ಟೆ ಬೇರೆ. ಆದ್ದರಿಂದ ಅಂಗಳದಲ್ಲಿ ಕಲೆ ಹುಡುಕಿ ಪ್ರಯೋಜನವಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ, ಕೂಲಂಟ್ ಡಬ್ಬಿಯ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಒಂದು ತಿಂಗಳಲ್ಲಿ ಗೆರೆಯಿಂದ ಬೆರಳಗಲ ಇಳಿದಿದ್ದರೆ ಸೋರಿಕೆ ಇದೆ ಎಂದೇ ಲೆಕ್ಕ. ಟಾರ್ಚ್ ಹಿಡಿದು ಗೇರ್‌ಬಾಕ್ಸ್ ಬದಿಯ ಪೈಪುಗಳ ಸಂದಿಯಲ್ಲಿ ನೋಡಿ: ಗುಲಾಬಿ ಅಥವಾ ನೇರಳೆ ಬಣ್ಣದ ಉಪ್ಪುಕಟ್ಟಿದಂಥ ಹೊಪ್ಪಳೆ ಕಂಡರೆ ಕಳ್ಳ ಸಿಕ್ಕ. ಇನ್ನೊಂದು ಸುಳಿವು, ಘಟ್ಟ ಹತ್ತಿ ನಿಲ್ಲಿಸಿದಾಗ ಬರುವ ಸಿಹಿ ವಾಸನೆ.

ರಿಪೇರಿಯಲ್ಲಿ ಜಿಪುಣತನ ಬೇಡ. ಸೀಲ್ ಮಾತ್ರ ಹಾಕಿ, ಮೇಲೊಂದಿಷ್ಟು ಸಿಲಿಕಾನ್ ಬಳಿದು ಕಳಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು. ಮಾಡ್ಯೂಲ್, ಅದರ ಪುಟ್ಟ ಬೆಲ್ಟ್, ಗ್ಯಾಸ್ಕೆಟ್ ಎಲ್ಲ ಒಟ್ಟಿಗೇ ಹೊಸದು. ಕೂಲಂಟ್ ತುಂಬುವಾಗ ಬರೀ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರೆ ಆಗದು. ನೀರಿನ ದಾರಿಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಗಾಳಿ ಸಿಕ್ಕಿಕೊಳ್ಳುತ್ತದೆ. ವ್ಯಾಕ್ಯೂಮ್ ಹಾಕಿ ತುಂಬಬೇಕು, ಆಮೇಲೆ ಸ್ಕ್ಯಾನರ್‌ನಿಂದ ವಿದ್ಯುತ್ ಪಂಪ್ ಓಡಿಸಬೇಕು. ಗಾಳಿ ಉಳಿದಿದೆಯೇ ಎಂದು ತಿಳಿಯಲು ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಎಂಜಿನ್ ಬಿಸಿಯಾಗಿಯೂ ತಣ್ಣನೆ ಗಾಳಿ ಬಂದರೆ ಕೆಲಸ ಅರ್ಧ ಆಗಿದೆ ಎಂದರ್ಥ.

ದಾರಿ ಮಧ್ಯೆ ಕೂಲಂಟ್ ಖಾಲಿಯಾದರೆ, ಅಣಶಿ ಕಾಡಿನಲ್ಲಿ ಬೇರೇನೂ ಸಿಗದಿದ್ದರೆ, ಬಾಟಲಿ ನೀರು ಹಾಕಿ ಊರು ಸೇರಿ. ಎಂಜಿನ್ ತಣಿದ ಮೇಲೆ ಮಾತ್ರ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖ ಸುಡುತ್ತದೆ. ಊರು ಸೇರಿದ ಮೇಲೆ ಅದನ್ನು ಚೆಲ್ಲಿ, ಡಿಸ್ಟಿಲ್ಡ್ ವಾಟರ್ ಮತ್ತು ಫೋಕ್ಸ್‌ವ್ಯಾಗನ್ ದರ್ಜೆಯ ಕೂಲಂಟನ್ನು ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಕರಾವಳಿಯ ಬಾವಿಗಳಲ್ಲಿ ಎಷ್ಟೋ ಕಡೆ ಬೇಸಿಗೆಗೆ ಸವಳು ಬರುತ್ತದೆ. ಆ ನೀರು ಅಲ್ಯೂಮಿನಿಯಂ ಬ್ಲಾಕಿನೊಳಗೆ ಏನು ಮಾಡುತ್ತದೆಂದು ತಿಳಿಯಲು ವರ್ಷ ಕಾಯಬೇಕಿಲ್ಲ. ಹಸಿರು ಕೂಲಂಟನ್ನು ಗುಲಾಬಿಯೊಡನೆ ಬೆರೆಸುವುದೂ ಅಷ್ಟೇ ಕೆಟ್ಟದ್ದು.

ಆಯಿಲ್, ಮತ್ತು ಎರಡು ಕಿಲೋಮೀಟರಿನ ಓಡಾಟ

ಆಯಿಲ್ ಫಿಲ್ಟರ್ ಸೇರಿ ಸುಮಾರು 4 ಲೀಟರ್ ಹಿಡಿಯುತ್ತದೆ. ಕಂಪನಿ ಹೇಳುವ ಸರ್ವೀಸ್ ಅಂತರ 15,000 ಕಿಲೋಮೀಟರ್ ಅಥವಾ ಒಂದು ವರ್ಷ. ದಿನಾ ಅಂಕೋಲಾದಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ ಹೋಗಿಬರುವ ಕಾರಿಗೆ ಇದು ಸರಿಯೇ. ಆದರೆ ಬೆಳಿಗ್ಗೆ ಮಕ್ಕಳ ಶಾಲೆ, ಮಧ್ಯಾಹ್ನ ಬ್ಯಾಂಕು, ಸಂಜೆ ತರಕಾರಿ, ಹೀಗೆ ಕಾರವಾರ ಪೇಟೆಯ ಬೈತಕೋಲ್–ಕಾಜುಬಾಗದೊಳಗೇ ಸುತ್ತುವ ಕಾರಿಗೆ ಅಲ್ಲ. ನೇರ ಇಂಜೆಕ್ಷನ್‌ನಲ್ಲಿ ತಣ್ಣಗಿನ ಸಿಲಿಂಡರ್ ಗೋಡೆಗೆ ಅಂಟಿದ ಪೆಟ್ರೋಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಅರ್ಧ ತಾಸು ಓಡಿದರೆ ಅದು ಆವಿಯಾಗಿ ಹೋಗುತ್ತದೆ. ಎರಡು ಕಿಲೋಮೀಟರಿಗೆ ಆರಿಸಿದರೆ ಅಲ್ಲೇ ಉಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ. ಮಳೆಗಾಲದ ತೇವ ಅದಕ್ಕೆ ಜೊತೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದರೆ ಪೆಟ್ರೋಲ್ ವಾಸನೆ ಇದ್ದರೆ, ತಕ್ಷಣ ಬದಲಿಸಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಕೂಗಬೇಡಿ. ಜುಲೈ ತಿಂಗಳಲ್ಲಿ, ಸಣ್ಣ ಓಡಾಟದ ಕಾರಿನಲ್ಲಿ, ಕೂಲಂಟ್ ಮಟ್ಟ ಸರಿ ಇದ್ದರೆ ಅದು ಬರೀ ತೇವ.

ಇಂಥ ಕಾರಿಗೆ 7,500 ಕಿಲೋಮೀಟರ್ ಅಥವಾ ಆರು ತಿಂಗಳು, ಇದು ನಮ್ಮ ಲೆಕ್ಕ. ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಒಮ್ಮೆ, ಮತ್ತೆ ಬೇಸಿಗೆಯ ಕೊನೆಗೆ ಒಮ್ಮೆ. ಡಬ್ಬಿಯ ಮೇಲಿನ ಬ್ರ್ಯಾಂಡ್ ಯಾವುದಾದರೂ ಇರಲಿ, ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದ ಫೋಕ್ಸ್‌ವ್ಯಾಗನ್ ಅನುಮೋದನೆಯ ಸಂಖ್ಯೆ ಅದರ ಹಿಂಭಾಗದಲ್ಲಿ ಅಚ್ಚಾಗಿರಬೇಕು. "ಅದೂ ಸಿಂಥೆಟಿಕ್, ಇದೂ ಸಿಂಥೆಟಿಕ್" ಎನ್ನುವ ಅಂಗಡಿಯವರ ಮಾತು ಟರ್ಬೊ ಬೇರಿಂಗ್‌ಗೆ ಅರ್ಥವಾಗುವುದಿಲ್ಲ. ವಾರಕ್ಕೊಮ್ಮೆಯಾದರೂ ಯಲ್ಲಾಪುರದ ಕಡೆಗೋ ಕುಮಟಾದ ಕಡೆಗೋ ಅರ್ಧ ತಾಸು 2500 ಆರ್‌ಪಿಎಂನಲ್ಲಿ ಓಡಿಸುವುದು ಎಂಜಿನ್‌ಗೂ ಒಳ್ಳೆಯದು, ಮನೆಯವರಿಗೂ ಒಂದು ಸುತ್ತು.

ಇದೇ ನೇರ ಇಂಜೆಕ್ಷನ್‌ನ ಇನ್ನೊಂದು ಸಾಲ ಇನ್‌ಟೇಕ್ ವಾಲ್ವಿನ ಮಸಿ. ಹಳೇ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನ ಮೇಲೆ ಬಿದ್ದು ತೊಳೆಯುತ್ತಿತ್ತು, ಇಲ್ಲಿ ತೊಳೆಯುವವರಿಲ್ಲ. ಆಯಿಲ್ ಆವಿ ಬಂದು ಕೂತು ಗಟ್ಟಿಯಾಗುತ್ತದೆ. ತಣ್ಣನೆಯ ಸ್ಟಾರ್ಟಿನಲ್ಲಿ ಕುಂಟುವುದು ಇದರ ಗುರುತು. ಪೆಟ್ರೋಲಿಗೆ ಸುರಿಯುವ ಕ್ಲೀನರ್ ಬಾಟಲಿಗಳು ವಾಲ್ವಿನ ಆ ಬೆನ್ನನ್ನು ಮುಟ್ಟುವುದೇ ಇಲ್ಲ. ಇಂಜೆಕ್ಟರಿಗೆ ಒಂದಿಷ್ಟು ಉಪಯೋಗವಾದೀತು, ಅಷ್ಟೇ. ಮಸಿ ನಿಜಕ್ಕೂ ಕಟ್ಟಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಸಿಪ್ಪೆಯ ಪುಡಿ ಊದಿ ತೆಗೆಯಬೇಕು.

ಆದರೆ ಕುಂಟುವ ಎಂಜಿನ್ನಿಗೆಲ್ಲ ಮಸಿಯೇ ಕಾರಣವಲ್ಲ. ಮೊದಲು ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ನೋಡಿ, ಖರ್ಚಿಲ್ಲದ ಪರೀಕ್ಷೆ. ಸ್ಕ್ಯಾನರ್ ಪಿ0301 ತೋರಿಸಿದರೆ ಒಂದನೇ ಸಿಲಿಂಡರ್ ಉರಿಯುತ್ತಿಲ್ಲ ಎಂದರ್ಥ. ಎಂಜಿನ್ ಆರಿಸಿ, ತಣಿದ ಮೇಲೆ ಒಂದನೇ ಕಾಯಿಲನ್ನು ನೇರ ಮೇಲಕ್ಕೆ ಎಳೆದು ಎರಡನೆಯದರ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಕೋಡ್ ಪಿ0302 ಆಗಿ ಜಾಗ ಬದಲಿಸಿದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಅದೂ ಸರಿಯಿದ್ದರೆ ಇಂಜೆಕ್ಟರ್. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನ ಮನೆಗೆ ಹೋಗಬಹುದು. ಮಿಣುಕುತ್ತಿದ್ದರೆ ನಿಲ್ಲಿಸಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕರಗಿಸುತ್ತದೆ. ಮೂರು ಕಾಯಿಲಿನ ದುಡ್ಡಿಗಿಂತ ಅದು ಎಷ್ಟೋ ಪಟ್ಟು.

ಇಪಿಸಿ ದೀಪ ಬೇರೆ. ಎಕ್ಸಲರೇಟರ್, ಥ್ರಾಟಲ್, ಇಂಧನದ ಒತ್ತಡ ಇವುಗಳಲ್ಲಿ ಏನೋ ಹೊಂದುತ್ತಿಲ್ಲ ಎಂದು ಅದು ಹೇಳುತ್ತದೆ, ಎಂಜಿನ್ ಶಕ್ತಿ ಇಳಿಸಿಕೊಳ್ಳುತ್ತದೆ. 2021ರ ಕುಶಾಕ್‌ನ ಮೊದಲ ಕಂತಿನ ಕಾರುಗಳಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಇಂಧನ ಪಂಪ್ ದೋಷವೆಂದು ಒಪ್ಪಿಕೊಂಡ ಸ್ಕೋಡಾ ಹೆಚ್ಚು ಗಟ್ಟಿಯಾದ ಪಂಪ್ ಹಾಕಿಕೊಟ್ಟಿತು. ಆ ವರ್ಷದ ಕಾರು ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಪಂಪ್ ಬದಲಾಗಿದೆಯೇ ಎಂದು ಸರ್ವೀಸ್ ದಾಖಲೆಯಲ್ಲಿ ನೋಡಿಯೇ ಮಾತಾಡಿ. ಟ್ಯಾಂಕಿನೊಳಗಿನ ಪಂಪ್ ಕುಂದಿದರೆ ಸಾಮಾನ್ಯವಾಗಿ ಪಿ0087 ಬರುತ್ತದೆ: ಇಂಧನ ರೈಲಿನಲ್ಲಿ ಒತ್ತಡ ಸಾಲದು. ಪಿ0299 ಬಂದರೆ ಟರ್ಬೊ ಒತ್ತಡ ಸಾಲದು. ಅದಕ್ಕೆ ಟರ್ಬೊ ಬದಲಿಸಲು ಹೊರಡುವ ಮುನ್ನ ಪೈಪಿಗೆ ಹೊಗೆ ಊದಿ ಸೋರಿಕೆ ಹುಡುಕುವ ಪರೀಕ್ಷೆ ಮಾಡಿಸಿ; ಗಾಳಿ ಪೈಪಿನ ಕ್ಲಿಪ್ ಸಡಿಲಾಗಿರುವುದು, ರಬ್ಬರ್ ಸೀಲ್ ಹರಿದಿರುವುದು ಟರ್ಬೊ ಕೆಡುವುದಕ್ಕಿಂತ ಎಷ್ಟೋ ಹೆಚ್ಚು.

ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಗ್ಗೆ ಎರಡೇ ಮಾತು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಲೆಕ್ಕದ ಮಾತು, ಎಂಜಿನ್ ದೋಷವಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹೀರಿದ್ದು ಮಿತಿ ಮೀರಿದರೆ ಟ್ಯಾಂಕಿನ ತಳದಲ್ಲಿ ನೀರಿನ ಪದರವಾಗಿ ಬೇರ್ಪಡುತ್ತದೆ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು ಊರ ಮನೆಯಲ್ಲಿ ಕಾರು ನಿಲ್ಲಿಸಿ ಹೋಗುವವರು ಕಾಲು ಟ್ಯಾಂಕ್ ಬಿಟ್ಟು ಹೋಗಬಾರದು. ತುಂಬಿಸಿ ಹೋದರೆ ಒಳಗೆ ತೇವದ ಗಾಳಿಗೆ ಜಾಗವಿರುವುದಿಲ್ಲ.

ಮಳೆ, ಉಪ್ಪು, ಇಲಿ

ಒಂದು ಸಿಲಿಂಡರ್ 333 ಸಿಸಿ. ಕಂಪ್ರೆಷನ್ 10.5 ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೀ 35 ಸಿಸಿ, ಸುಮಾರು ಏಳು ಟೀ ಚಮಚ. ಅದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ ಪಿಸ್ಟನ್‌ಗೆ ಮೇಲೇರಲು ಜಾಗವಿಲ್ಲ, ನೀರು ಕುಗ್ಗುವುದೂ ಇಲ್ಲ, ರಾಡ್ ಬಾಗುತ್ತದೆ. ಗಂಗಾವಳಿ ಹೊಳೆ ಏರಿ ಅಂಕೋಲಾ ಕಡೆಯ ತಗ್ಗು ರಸ್ತೆಗಳಲ್ಲಿ ನೀರು ನಿಂತಾಗ "ಮುಂದಿನ ಬಸ್ಸು ಹೋಯಿತಲ್ಲ" ಎಂದು ಇಳಿಯುವವರು ಈ ಏಳು ಚಮಚ ನೆನಪಿಟ್ಟುಕೊಳ್ಳಲಿ. ಬಸ್ಸು ಎಬ್ಬಿಸಿದ ಅಲೆಯೇ ಗಾಳಿ ಎಳೆಯುವ ಬಾಯಿಗೆ ಸಾಕು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ತಳ್ಳಿ ದಡಕ್ಕೆ ತನ್ನಿ, ಏರ್ ಫಿಲ್ಟರ್ ಮುಚ್ಚಳ ತೆಗೆದು ನೋಡಿ. ಫಿಲ್ಟರ್ ಒದ್ದೆಯಾಗಿದ್ದರೆ ಮೂರೂ ಪ್ಲಗ್ ಬಿಚ್ಚಿ, ಇಂಧನ ಕಡಿದು, ಕೈಯಲ್ಲಿ ಎಂಜಿನ್ ತಿರುಗಿಸಿ ನೀರು ಹೊರಹಾಕುವವರೆಗೆ ಕೀಲಿ ಜೇಬಿನಲ್ಲಿರಲಿ.

ಉಪ್ಪುಗಾಳಿ ನಿಧಾನ ಕೊಲ್ಲುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಊರಿನ ಗಾಳಿ ಕಾರನ್ನು ಬಿಟ್ಟೀತೇ? ಮೊದಲು ತಿನ್ನುವುದು ಅರ್ಥ್ ವೈರುಗಳ ತುದಿ, ವೈರ್ ಕನೆಕ್ಟರ್‌ಗಳ ಪಿನ್ನು, ಎಸಿ ಕಂಡೆನ್ಸರಿನ ರೆಕ್ಕೆ. ಟರ್ಬೊ ಒತ್ತಡವನ್ನು ಹತೋಟಿಯಲ್ಲಿಡುವ ವೇಸ್ಟ್‌ಗೇಟ್ ಬಾಗಿಲನ್ನು ಎಳೆಯುವ ಕಡ್ಡಿಯೂ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬಿಗಿಯಾಗುವುದುಂಟು. ಈ ಮನೆತನದ 1.4 ಲೀಟರ್ ಎಂಜಿನ್ ಅದಕ್ಕೆ ಹೆಸರಾಗಿತ್ತು. ಸಣ್ಣಪುಟ್ಟ ವಿಚಿತ್ರ ತೊಂದರೆ, ಒಮ್ಮೆ ಬಂದು ಒಮ್ಮೆ ಹೋಗುವ ದೀಪ, ಇವೆಲ್ಲಕ್ಕೂ ಮೊದಲು ಬ್ಯಾಟರಿಯ ಅರ್ಥ್ ಬೋಲ್ಟ್ ಬಿಚ್ಚಿ, ಹೊಳೆಯುವವರೆಗೆ ಉಜ್ಜಿ, ವ್ಯಾಸಲೀನ್ ಹಚ್ಚಿ ಬಿಗಿ ಮಾಡಿ. ಅರ್ಧ ರೋಗ ಅಲ್ಲೇ ಹೋಗುತ್ತದೆ. ಬೀಚಿನ ಪಕ್ಕ ನಿಲ್ಲಿಸುವವರು ಹದಿನೈದು ದಿನಕ್ಕೊಮ್ಮೆ ಕೆಳಭಾಗ ಸಿಹಿನೀರಿನಲ್ಲಿ ತೊಳೆಯಿರಿ, ಆದರೆ ಎಂಜಿನ್ ಮೇಲೆ ಪ್ರೆಶರ್ ಗನ್ ಹಿಡಿಯಬೇಡಿ. ಕಾಯಿಲ್ ಕೂತ ಗುಂಡಿಗೆ ನೀರು ಹೋಗುತ್ತದೆ.

ಘಟ್ಟದ ಮೇಲಿನ ಊರುಗಳಲ್ಲಿ ಉಪ್ಪಿಲ್ಲ, ಇಲಿ ಇದೆ. ತೋಟದ ಮನೆಯ ಶೆಡ್ಡು, ಪಕ್ಕದಲ್ಲಿ ಹುಲ್ಲಿನ ಗೊಣಬೆ, ಮೇಲೆ ಒಣಗಿಸಿದ ಅಡಕೆ, ಎಂಜಿನ್ ಬೆಚ್ಚಗೆ. ಇಂಜೆಕ್ಟರಿನ ವೈರ್, ಆಕ್ಸಿಜನ್ ಸೆನ್ಸರಿನ ವೈರ್ ಕಡಿದರೆ ಹುಡುಕಲು ದಿನ ಬೇಕು. ಹೊಗೆಸೊಪ್ಪು, ನ್ಯಾಫ್ತಲೀನ್ ಗುಳಿಗೆ ಎಲ್ಲ ನಾಲ್ಕು ದಿನದ ಮಾತು. ರಾತ್ರಿ ಬಾನೆಟ್ ಎತ್ತಿಡುವುದು, ಕೆಳಗೆ ಒಂದು ಎಲ್‌ಇಡಿ ಬಲ್ಬ್ ಉರಿಸುವುದು ಹೆಚ್ಚು ಕೆಲಸ ಮಾಡುತ್ತವೆ. ಕೆಮ್ಮಣ್ಣು ರಸ್ತೆಯ ಕಾರಿನಲ್ಲಿ ಏರ್ ಫಿಲ್ಟರನ್ನು 10,000 ಕಿಲೋಮೀಟರಿಗೇ ತೆಗೆದು ನೋಡಿ. ವಿಂಡ್‌ಶೀಲ್ಡ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿ ನೀರು ಹೋಗುವ ತೂತು ಮುಚ್ಚಿದರೆ ನೀರು ಕಾರಿನೊಳಕ್ಕೆ ಇಳಿಯುತ್ತದೆ. ಜೂನ್‌ಗೆ ಮುಂಚೆ ಅದನ್ನೊಮ್ಮೆ ಬಾಚಿ ತೆಗೆಯಿರಿ.

ಟೈಮಿಂಗ್ ಬೆಲ್ಟ್ ಬಹಳ ಕಾಲ ಬರುತ್ತದೆ ಎನ್ನುತ್ತಾರೆ, ನಿಜ. ಫೋರ್ಡ್‌ನ 1.0 ಇಕೋಬೂಸ್ಟಿನ ಹಾಗೆ ಇದು ಆಯಿಲ್‌ನಲ್ಲಿ ಮುಳುಗಿದ ಬೆಲ್ಟ್ ಅಲ್ಲ, ಒಣ ಬೆಲ್ಟ್. ಅದರ ತಲೆನೋವು ಇಲ್ಲಿಲ್ಲ. ಆದರೂ ಹರಿದರೆ ವಾಲ್ವುಗಳು ಪಿಸ್ಟನ್‌ಗೆ ಬಡಿಯುತ್ತವೆ. ಒಂದು ಲಕ್ಷ ಕಿಲೋಮೀಟರ್ ಅಥವಾ ಏಳು ವರ್ಷಕ್ಕೆ ಬದಲಿಸಿಬಿಡುವುದು ಕ್ಷೇಮ. ಇದಕ್ಕೆ ಕ್ಯಾಮ್‌ಶಾಫ್ಟ್ ಲಾಕ್ ಮಾಡುವ ಸಲಕರಣೆ ಬೇಕೇ ಬೇಕು. ವೈಟ್‌ನರ್‌ನಲ್ಲಿ ಗುರುತು ಹಾಕಿ ಕೂರಿಸುತ್ತೇನೆ ಎನ್ನುವವರಿಗೆ ನಮಸ್ಕಾರ ಹೇಳಿ ಹೊರಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಕೂಡ ಘಟ್ಟದಲ್ಲೇ ದುಡಿಯುವ ಕಾರಾದರೆ 60,000ಕ್ಕೆ ಬದಲಾಗಲಿ. ಸ್ಪಾರ್ಕ್ ಪ್ಲಗ್ ಅದಕ್ಕಿಂತ ಮುಂದೆ ತಳ್ಳಬೇಡಿ.

ಎದುರಾಳಿಗಳು? ಹ್ಯುಂಡೈ–ಕಿಯಾದ 1.0 ಟರ್ಬೊ 120 ಪಿಎಸ್, 172 ಎನ್‌ಎಂ. ನುಣುಪು ಹೆಚ್ಚು, ಸರ್ವೀಸ್ ಜಾಲವೂ ದೊಡ್ಡದು. ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ 100 ಪಿಎಸ್, 148 ಎನ್‌ಎಂ ಆಸುಪಾಸು. ಕಾರು ಹಗುರ, ತಾಪತ್ರಯ ಕಡಿಮೆ, ಘಟ್ಟದಲ್ಲಿ ಈ ಠೇಂಕಾರ ಮಾತ್ರ ಇಲ್ಲ. ಸರಿಯಾದ ಗೇರಿನಲ್ಲಿಟ್ಟರೆ ಏರಿನಲ್ಲಿ ಟಿಎಸ್‌ಐ ಮುಂದೆ ನಿಲ್ಲುವಂಥದ್ದು ಈ ಗಾತ್ರದಲ್ಲಿ ಕಡಿಮೆ. ವರ್ಷಕ್ಕೆ 12,000 ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಹೆಚ್ಚಿನದು ಹೆದ್ದಾರಿ–ಘಟ್ಟದಲ್ಲಿ ಓಡಿಸುವವರಾದರೆ ಕಣ್ಣುಮುಚ್ಚಿ ಕೊಳ್ಳಬಹುದು. ಪೇಟೆಯೊಳಗೇ ಸುತ್ತುವವರಿಗೆ ಟರ್ಬೊ ಇಲ್ಲದ 1.2 ಸಾಕು, ದುಡ್ಡೂ ಉಳಿಯುತ್ತದೆ.

ಹಳೇ ಕಾರು ನೋಡಲು ಹೋಗುವವರು ಮಾರುವವರಿಗೆ ಮೊದಲೇ ಹೇಳಿಡಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ, ಕೂಲಂಟ್ ಮಟ್ಟ ನೋಡಿ, ಗೇರ್‌ಬಾಕ್ಸ್ ನೆತ್ತಿಯಲ್ಲಿ ಗುಲಾಬಿ ಹೊಪ್ಪಳೆ ಹುಡುಕಿ, ಡಿಪ್‌ಸ್ಟಿಕ್ ಮೂಸಿ. ಆಮೇಲೆ ಸ್ಟಾರ್ಟ್, ಮೊದಲ ಅರ್ಧ ನಿಮಿಷ ಎಂಜಿನ್ ಕುಂಟುತ್ತದೆಯೇ ಕಿವಿಗೊಡಿ. ಒಬಿಡಿ ಡಾಂಗಲ್ (ಕಾರಿಗೆ ಸಿಕ್ಕಿಸುವ ಪುಟ್ಟ ಸ್ಕ್ಯಾನರ್) ಒಯ್ದು ಕೋಡ್‌ಗಳನ್ನು ಓದಿ, ಒಂದೂ ಇಲ್ಲದಿದ್ದರೆ ಖುಷಿಪಡುವ ಮೊದಲು ಅಳಿಸಿದ್ದು ಯಾವಾಗ ಎಂದೂ ನೋಡಿ. ಅಳಿಸಿದ ಮೇಲೆ ಓಡಿದ ಕಿಲೋಮೀಟರ್ ಹೆಚ್ಚಿನ ಸ್ಕ್ಯಾನರ್‌ಗಳಲ್ಲಿ ಸಿಗುತ್ತದೆ. ಕೊನೆಗೆ ಒಂದು ಏರು ಹತ್ತಿಸಿ, ಮೂರನೇ ಗೇರಿನಲ್ಲಿ 2000ದಿಂದ ಪೂರ್ತಿ ಒತ್ತಿ. ಎಳೆತ ಒಂದೇ ಸಮ ಬರಬೇಕು. ಮುಳ್ಳು ಸರ್ರನೆ ಏರಿ ಕಾರು ಮಾತ್ರ ಏರದಿದ್ದರೆ ಕ್ಲಚ್ ಹೋಗಿದೆ, ಅದರ ಖರ್ಚು ಹಿಡಿದು ಚೌಕಾಸಿ ಮಾಡಿ.